ಸೊನ್ನೆ ಬಡ್ಡಿಯ ಕಾರು

ಇಪ್ಪತ್ತೆರಡು ವರ್ಷ ಬಿ.ಕಾಂ. ಮಕ್ಕಳಿಗೆ ಬಡ್ಡಿಯ ಲೆಕ್ಕ ಹೇಳಿಕೊಟ್ಟವನು ನಾನು. ಸರಳ ಬಡ್ಡಿ, ಚಕ್ರಬಡ್ಡಿ, ಯಾವುದನ್ನು ಕೇಳಿದರೂ ನಿದ್ದೆಯಲ್ಲಿಯೂ ಹೇಳಬಲ್ಲೆ. ನಾನು ಹೇಳುವಾಗ ಮಕ್ಕಳು ನಿದ್ದೆಯಲ್ಲಿರುತ್ತಿದ್ದರು ಎಂಬುದು ಬೇರೆ ವಿಷಯ. ಆದ್ದರಿಂದ, ಕಾರು ಕೊಳ್ಳುವ ಹಣಕಾಸಿನ ಭಾಗವನ್ನು ನನಗೆ ಬಿಟ್ಟುಬಿಡು ಎಂದು ಹೆಂಡತಿಗೆ ಹೇಳಿದಾಗ ಅದರಲ್ಲಿ ಜಂಬವೇನೂ ಇರಲಿಲ್ಲ. ಅದು ವಾಸ್ತವಾಂಶ. ಹಾಗೆಂದು ಆಗ ನಂಬಿದ್ದೆ.

ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತೇನೆ. ಯಾರ ಮೇಲೂ ದೂರು ಹೇಳುವ ಉದ್ದೇಶವಿಲ್ಲ. ದೂರು ಹೇಳಲು ಹೊರಟರೆ ಮೊದಲನೆಯ ಆರೋಪಿಯ ಜಾಗದಲ್ಲಿ ನಾನೇ ಹೋಗಿ ನಿಲ್ಲಬೇಕಾಗುತ್ತದೆ.

ಕಾರು ಬೇಕಾಗಿದ್ದುದು ನನಗಲ್ಲ, ವೀಣೆಗೆ. ನನ್ನ ಹೆಂಡತಿ ವಿಮಲಾ ಬಸವನಗುಡಿಯ ನಮ್ಮ ಮನೆಯ ನಡುಮನೆಯಲ್ಲಿ ಹನ್ನೆರಡು ವರ್ಷಗಳಿಂದ ವೀಣೆ ಪಾಠ ಹೇಳುತ್ತಿದ್ದಳು. ಶನಿವಾರ ಸಂಜೆ ಮಾತ್ರ ಪಾಠವಿಲ್ಲ. ಅವತ್ತು ವೈಯಾಲಿಕಾವಲ್‌ನಲ್ಲಿ ಅವಳ ಗೆಳತಿ ಕಮಲಾ ಮನೆಯಲ್ಲಿ ನಾಲ್ಕು ಜನ ಹೆಂಗಸರು ಕೂತು ವೀಣೆ ನುಡಿಸುತ್ತಾರೆ. ಕಲಿಸುವುದಕ್ಕಲ್ಲ, ಕಚೇರಿಗಲ್ಲ, ಸುಮ್ಮನೆ ತಮ್ಮ ಸಂತೋಷಕ್ಕೆ. ವಾರವೆಲ್ಲ ಮಕ್ಕಳ ಅಪಸ್ವರ ಕೇಳಿದ ಕಿವಿಗೆ ಅದೊಂದು ಎಣ್ಣೆಸ್ನಾನ ಎಂದು ಅವಳು ಹೇಳುತ್ತಿದ್ದಳು.

ಆದರೆ ಬಸವನಗುಡಿಯಿಂದ ವೈಯಾಲಿಕಾವಲ್‌ಗೆ ವೀಣೆ ಸಾಗಿಸುವುದು ಸಾಮಾನ್ಯದ ಕೆಲಸವಲ್ಲ. ಬಸ್ಸಿಗೆ ಹತ್ತಿದರೆ ಕಂಡಕ್ಟರು ಅದಕ್ಕೂ ಟಿಕೆಟ್ ಹರಿಯುತ್ತಾನೆ. ಆಟೊದಲ್ಲಿ ಕೂತರೆ ಒಂದು ತುದಿ ರಸ್ತೆಗೆ. ಒಂದು ಶನಿವಾರ ಮೆಜೆಸ್ಟಿಕ್ ದಾಟುವಾಗ ಹಂಪಿನ ಮೇಲೆ ಆಟೊ ಹಾರಿ, ವೀಣೆಯ ಸೋರೆಬುರುಡೆ ಸೀಳು ಬಿಟ್ಟಿತು. ವಿಮಲಾ ಅಳಲಿಲ್ಲ, ಆಟೊದವನನ್ನು ಬೈಯಲೂ ಇಲ್ಲ. ಮಾರನೆಯ ವಾರ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಪಾಠದ ಫೀಸಿನಲ್ಲಿ ಕೂಡಿಟ್ಟು ಅವಳು ಬ್ಯಾಂಕಿನಲ್ಲಿಟ್ಟಿದ್ದ ಠೇವಣಿ ಎರಡೂವರೆ ಲಕ್ಷ ಮುಟ್ಟಿತ್ತು. ಆಗಿನ ಕಾಲಕ್ಕೆ ಅಷ್ಟರಲ್ಲಿ ಒಂದು ಸಣ್ಣ ಕಾರು ಬರುತ್ತಿತ್ತು.

“ದುಡ್ಡು ಕೊಟ್ಟು ಕಾರ್ ತರೋಣ ರೀ. ಇದ್ರಲ್ಲಿ ಯೋಚ್ನೆ ಮಾಡೋದೇನಿದೆ?” ಎಂದಳು.

ನನ್ನ ಗ್ರಹಚಾರ. ನಾನು ಯೋಚನೆ ಮಾಡಿದೆ.

ಆ ಭಾನುವಾರ ಪತ್ರಿಕೆಯ ಇಡೀ ಪುಟದಲ್ಲಿ ಒಂದು ಜಾಹೀರಾತು ಬಂದಿತ್ತು. ಬಾಳೆಎಲೆಯಷ್ಟು ಅಗಲವಾದ ಒಂದು ಸೊನ್ನೆ. ಅದರ ಕೆಳಗೆ, ಕಾರು ಸಾಲಕ್ಕೆ ಬಡ್ಡಿ ಇಷ್ಟೇ ಎಂಬ ಒಕ್ಕಣೆ. ಸೊನ್ನೆಯ ಹೆಗಲ ಮೇಲೆ ಒಂದು ಪುಟ್ಟ ನಕ್ಷತ್ರವೂ ಇತ್ತು. ಅಲಂಕಾರಕ್ಕೆ ಹಾಕಿದ್ದಾರೆ ಎಂದುಕೊಂಡೆ.

ವಿಮಲಾಳನ್ನು ಕೂರಿಸಿಕೊಂಡು ಪಾಠ ಮಾಡಿದೆ. ಬಡ್ಡಿಯಿಲ್ಲದೆ ಸಾಲ ಸಿಗುವಾಗ ಕೈಯಲ್ಲಿರುವ ಹಣ ಕೊಡುವವನಿಗೆ ಅರ್ಥಶಾಸ್ತ್ರದಲ್ಲಿ ಒಂದು ಹೆಸರಿದೆ, ಅದನ್ನು ಮನೆಯಲ್ಲಿ ಹೇಳುವಂತಿಲ್ಲ ಎಂದೆ. ಐವತ್ತು ಸಾವಿರ ಮುಂಗಡ ಕಟ್ಟೋಣ. ಎರಡು ಲಕ್ಷ ಅವರ ಸಾಲವಿರಲಿ, ನನ್ನ ಸಂಬಳದಲ್ಲಿ ಮೂರು ವರ್ಷ ಕಂತು ತೀರಿಸುತ್ತೇನೆ. ನಿನ್ನ ಎರಡು ಲಕ್ಷ ಬ್ಯಾಂಕಿನಲ್ಲಿ ಕೂತು ಮರಿ ಹಾಕಲಿ. ಕಂತು ಎಷ್ಟಾಗುತ್ತದೆ ಎಂಬುದನ್ನು ಅಲ್ಲೇ ಬಾಯಿಲೆಕ್ಕದಲ್ಲಿ ಹೇಳಿದೆ: ಐದು ಸಾವಿರದ ಐನೂರ ಐವತ್ತೈದು. ಸಾಲಾಗಿ ನಾಲ್ಕು ಐದು. ನೋಡುವುದಕ್ಕೇ ಮಂಗಳಕರವಾಗಿತ್ತು.

ಅವಳು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು. “ಅವರಿಗೇನು ಲಾಭ?”

“ಅದು ಮಾರ್ಕೆಟಿಂಗು. ನಿನಗೆ ಗೊತ್ತಾಗಲ್ಲ ಬಿಡು.”

ನನ್ನ ಇಪ್ಪತ್ತೆರಡು ವರ್ಷದ ವೃತ್ತಿಜೀವನದಲ್ಲಿ ಯಾವ ವಿದ್ಯಾರ್ಥಿಯೂ ಇಷ್ಟು ಒಳ್ಳೆಯ ಪ್ರಶ್ನೆ ಕೇಳಿರಲಿಲ್ಲ. ಅದಕ್ಕೆ ನಾನು ಕೊಟ್ಟ ಉತ್ತರ ಮೇಲಿನದು. ಅಷ್ಟಕ್ಕೇ ಸುಮ್ಮನಾಗದೆ, ಅದೇ ವಾರ ಬ್ಯಾಂಕಿಗೆ ಹೋಗಿ ಅವಳ ಎರಡು ಲಕ್ಷವನ್ನು ಮೂರು ವರ್ಷದ ಹೊಸ ಠೇವಣಿಗೆ ಬದಲಾಯಿಸಿ ಬಂದೆ. ಬಡ್ಡಿಯೆಲ್ಲ ಕೊನೆಯಲ್ಲಿ ಒಟ್ಟಿಗೆ ಬರುವಂಥದ್ದು. ನಡುವೆ ಮುರಿದರೆ ಬಡ್ಡಿಗೆ ಕತ್ತರಿ. ಮುರಿಯುವ ಪ್ರಸಂಗ ಯಾಕೆ ಬರುತ್ತದೆ?

ಶೋರೂಮು ಲಾಲ್‌ಬಾಗಿನ ಹಿಂಬದಿಯಲ್ಲಿತ್ತು. ಹೋಗುವಾಗ, ಬುರುಡೆ ಸರಿಮಾಡಿಸಿದ್ದ ವೀಣೆಯನ್ನೂ ಕರೆದುಕೊಂಡು ಹೋದೆವು. ಜನ ಮೈಲೇಜು ಕೇಳುತ್ತಾರೆ, ಬಣ್ಣ ಕೇಳುತ್ತಾರೆ. ವಿಮಲಾ ಕೇಳಿದ್ದು, ಹಿಂದಿನ ಬಾಗಿಲು ಎಷ್ಟು ಅಗಲ ತೆಗೆಯುತ್ತೆ ಎಂದು. ಮಿರಮಿರ ಮಿಂಚುವ ನೆಲದ ಮೇಲೆ ನಾವಿಬ್ಬರೂ ವೀಣೆಯನ್ನು ಆ ಕಡೆ ಒಬ್ಬರು ಈ ಕಡೆ ಒಬ್ಬರು ಹಿಡಿದು ಕಾರಿನಿಂದ ಕಾರಿಗೆ ಓಡಾಡುವುದನ್ನು ನೋಡಲು ಅಕೌಂಟ್ಸ್ ವಿಭಾಗದವರೂ ಎದ್ದು ಬಂದರು. ಕೊನೆಗೆ ಒಂದು ಬಿಳಿ ಕಾರಿನಲ್ಲಿ ವೀಣೆ ಓರೆಯಾಗಿ ಕೂತಿತು. ಅದಕ್ಕೆ ಮುಂದಿನ ಎಡಗಡೆಯ ಸೀಟನ್ನು ಪೂರ್ತಿ ಮುಂದಕ್ಕೆ ನೂಕಬೇಕಾಯಿತು. ವೀಣೆ ಹಿಂದೆ, ವಿಮಲಾ ಸ್ಟಿಯರಿಂಗ್ ಮುಂದೆ. ನನಗೆ ಜಾಗವಿರಲಿಲ್ಲ.

“ಕರೆಕ್ಟಾಗಿದೆ” ಎಂದಳು ವಿಮಲಾ.

ಅಷ್ಟರಲ್ಲಿ ಗಾಜಿನ ಕೋಣೆಯೊಂದರಿಂದ ಟೈ ಕಟ್ಟಿದ ಒಬ್ಬ ಯುವಕ ಓಡಿ ಬಂದ. “ಸಾರ್! ನೀವಾ!” ಎಂದವನೇ, ಅಷ್ಟು ಜನರ ಎದುರಿಗೆ, ಟೈಯನ್ನು ಹೆಗಲ ಮೇಲೆ ಹಾಕಿಕೊಂಡು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಚೇತನ್ ಎಂದು ಹೆಸರು, ನನ್ನ ಹಳೆಯ ವಿದ್ಯಾರ್ಥಿ. ಈಗ ಅಲ್ಲಿ ಸಾಲದ ವಿಭಾಗ ನೋಡಿಕೊಳ್ಳುತ್ತಿದ್ದ.

ಕಾಲೇಜಿನಲ್ಲಿ ಮಕ್ಕಳು ನನ್ನನ್ನು ಕಂಡರೆ ಪಕ್ಕದ ಕಾರಿಡಾರಿಗೆ ತಿರುಗುತ್ತಿದ್ದರು. ಇಲ್ಲಿ ಏರ್ ಕಂಡೀಷನ್ನಿನ ತಂಪಿನಲ್ಲಿ, ಹತ್ತಾರು ಕಾರುಗಳ ಸಾಕ್ಷಿಯಾಗಿ ಪಾದಾಭಿವಂದನೆ. ನನ್ನ ಎದೆ ತುಂಬಿ ಬಂತು. ತಲೆ ಮುಟ್ಟಿ, ಬಾಯ್ತುಂಬ “ಒಳ್ಳೇದಾಗ್ಲಪ್ಪ” ಎಂದೆ.

ಆಯಿತು. ಅವನಿಗೆ.

ಕೋಣೆಯಲ್ಲಿ ಕೂರಿಸಿ ಕಾಫಿ ತರಿಸಿದ. ನನ್ನ ಬಡ್ಡಿಯ ಪಾಠವನ್ನು ಇವತ್ತಿಗೂ ಮರೆತಿಲ್ಲ, ಅದರಿಂದಲೇ ಅನ್ನ ತಿನ್ನುತ್ತಿದ್ದೇನೆ ಎಂದ. ಈ ಮಾತು ಕೇಳಿದ ಕೂಡಲೇ ನಾನು ಎದ್ದು ಓಡಬೇಕಿತ್ತು. ಇನ್ನೊಂದು ಬಿಸ್ಕತ್ತು ತೆಗೆದುಕೊಂಡೆ.

ವಿಮಲಾ ಮೆಲ್ಲಗೆ, ಪೂರ್ತಿ ಹಣ ಒಟ್ಟಿಗೆ ಕೊಟ್ಟರೆ ಏನಾದರೂ ಬಿಡುತ್ತೀರಾ ಎಂದು ಕೇಳಿದಳು. ಚೇತನ್ ಅವಳಿಗೆ ಉತ್ತರ ಕೊಡದೆ ನನ್ನ ಕಡೆ ನೋಡಿ, ಇಬ್ಬರು ಪಂಡಿತರು ನಗುವ ಹಾಗೆ ನಕ್ಕ. “ಸಾರ್ ಇರೋವಾಗ ಕ್ಯಾಶ್ ಯಾಕೆ ಮೇಡಂ? ಸಾರ್‌ಗೆಲ್ಲ ಗೊತ್ತು.”

ನಾನೂ ಎಲ್ಲ ಗೊತ್ತಿರುವವನಂತೆ ತಲೆಯಾಡಿಸಿದೆ. ಒಟ್ಟಿಗೆ ಕೊಟ್ಟವರಿಗೆ ಹದಿನೈದು ಸಾವಿರ ಬಿಡುತ್ತಿದ್ದರೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಒಂದು ತಲೆಯಾಡಿಸುವಿಕೆಗೆ ಹದಿನೈದು ಸಾವಿರ! ಸಿನಿಮಾ ನಟರಿಗೂ ಅಷ್ಟು ಸಿಗುತ್ತಿರಲಿಲ್ಲವೇನೋ.

ಕಾರು ತರುವ ದಿನವನ್ನೂ ಚೇತನ್ ತಾನೇ ಹೇಳಿದ. ಶುಕ್ರವಾರ, ಲಕ್ಷ್ಮಿಯ ದಿನ, ತಿಥಿಯೂ ಚೆನ್ನಾಗಿದೆ. ಆದರೆ ಹತ್ತೂವರೆಗೆ ರಾಹುಕಾಲ ಶುರು. ಅಷ್ಟರೊಳಗೆ ಕಾರು ಶೋರೂಮಿನ ಗೇಟು ದಾಟಿಬಿಡಬೇಕು. ಒಂಬತ್ತೂವರೆಗೆ ಬನ್ನಿ ಸಾರ್, ಆರಾಮಾಗಿ ಮುಗಿಸೋಣ ಎಂದ. ಅವನ ಮೇಜಿನ ಗಾಜಿನ ಕೆಳಗೆ ವಾರದ ಏಳು ದಿನದ ರಾಹುಕಾಲದ ಪಟ್ಟಿ ಇತ್ತು. ಈಗಿನ ಕಾಲದ ಹುಡುಗರಲ್ಲಿ ಇಂಥ ಸಂಸ್ಕಾರ ಉಂಟೇ ಎಂದು ವಿಮಲಾಳಿಗೆ ದಾರಿಯುದ್ದಕ್ಕೂ ಹೇಳಿದೆ.

ಶುಕ್ರವಾರ ಒಂಬತ್ತೂವರೆಗೆ ಸರಿಯಾಗಿ ಹೋದೆವು. ವಿಮಲಾಳ ಕೈಯಲ್ಲಿ ಅರಿಶಿನ ಕುಂಕುಮದ ತಟ್ಟೆ, ಚೀಲದಲ್ಲಿ ಚಕ್ರದ ಕೆಳಗಿಡಲು ನಾಲ್ಕು ನಿಂಬೆಹಣ್ಣು. ಚೇತನ್ ಇರಲಿಲ್ಲ. ಹತ್ತು ಗಂಟೆಯೂ ಆಯಿತು. ಹತ್ತು ದಾಟಿದ ಮೇಲೆ ಬೆವರು ಒರೆಸಿಕೊಳ್ಳುತ್ತಾ, ಮಿನರ್ವ ಸರ್ಕಲ್ಲಿನ ಟ್ರಾಫಿಕ್ಕನ್ನು ಶಪಿಸುತ್ತಾ ಬಂದು, ಎರಡು ಬೆರಳು ದಪ್ಪದ ಕಾಗದದ ಕಟ್ಟನ್ನು ನನ್ನ ಮುಂದಿಟ್ಟ. ಸಹಿ ಹಾಕಬೇಕಾದ ಕಡೆಯಲ್ಲೆಲ್ಲ ಪೆನ್ಸಿಲ್ಲಿನಲ್ಲಿ ಗುರುತು ಮಾಡಿದ್ದ. ಜೊತೆಗೆ ನಾನೇ ತಂದಿದ್ದ ಮೂವತ್ತಾರು ಚೆಕ್ಕುಗಳು, ತಿಂಗಳಿಗೊಂದರಂತೆ ಮುಂದಿನ ತಾರೀಖಿನವು.

ಕಟ್ಟಿನ ಬಹುಭಾಗ ಖಾಲಿ ಚೌಕಗಳು. ಚೆಕ್ಕುಗಳಲ್ಲಿ ಮೊತ್ತದ ಜಾಗವನ್ನೂ ಹಾಗೇ ಬಿಡಿ ಎಂದ.

“ಎಲ್ಲಾ ಖಾಲಿ ಇದೆಯಲ್ಲಪ್ಪ?”

“ಟೈಪ್ ಮಾಡಿಸ್ಬಿಡ್ತೀನಿ ಸಾರ್. ಇನ್ಶೂರೆನ್ಸು, ಚಿಲ್ಲರೆ ಪೈಸೆ ಎಲ್ಲ ಅಡ್ಜಸ್ಟ್ ಮಾಡ್ಬೇಕಲ್ಲ.”

ನಾನು ಮೊದಲ ಪುಟವನ್ನೆತ್ತಿ ಓದಲು ಶುರು ಮಾಡಿದೆ. ಮಾಡಿದೆ ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು. ಅಕ್ಷರಗಳು ಇರುವೆಯ ಸಾಲಿನಂತಿದ್ದವು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಚೇತನ್ ಗೋಡೆಯ ಗಡಿಯಾರ ನೋಡಿದ. ವಿಮಲಾಳೂ ನೋಡಿದಳು.

“ಓದಿ ಸಾರ್, ಪರವಾಗಿಲ್ಲ” ಎಂದ ಅವನು, ನೊಂದ ದನಿಯಲ್ಲಿ. “ರಾಹುಕಾಲ ಮುಗಿದ್ಮೇಲೆ ಹನ್ನೆರಡಕ್ಕೆ ಗಾಡಿ ತಗೊಂಡ್ ಹೋದ್ರಾಯ್ತು.”

ನನ್ನ ಸ್ಥಿತಿಯನ್ನು ವಿವರಿಸುತ್ತೇನೆ. ಓದುವುದೆಂದರೆ ಅನುಮಾನಪಡುವುದು. ಅನುಮಾನಪಡುವುದೆಂದರೆ ಹತ್ತು ದಿನದ ಹಿಂದೆ ಎಲ್ಲರೆದುರು ನನ್ನ ಕಾಲಿಗೆ ಬಿದ್ದವನ ಮುಖಕ್ಕೆ ಹೊಡೆದಂತೆ. ಆಶೀರ್ವಾದ ಮಾಡಿದ ಕೈಯಲ್ಲಿ ಕನ್ನಡಕ ಏರಿಸಿಕೊಂಡು ಷರತ್ತು ಹುಡುಕುವುದೇ? ಎತ್ತಿದ ಪುಟವನ್ನು ಕೆಳಗಿಟ್ಟೆ. ಪೆನ್ನು ಎತ್ತಿಕೊಂಡೆ.

ಅವನು ಪುಟ ತಿರುವುತ್ತಾ ಹೋದ, ನಾನು ಸಹಿ ಮಾಡುತ್ತಾ ಹೋದೆ. ಕಾಗದ ಮುಗಿದು ಚೆಕ್ಕಿನ ಅರ್ಧಕ್ಕೆ ಬರುವಷ್ಟರಲ್ಲಿ ನನ್ನ ಸಹಿ ನನ್ನದೆಂದು ನನಗೇ ಗುರುತು ಸಿಗದಂತಾಯಿತು. ಓದದೆ ಯಾವುದಕ್ಕೂ ಸಹಿ ಹಾಕಬೇಡಿ ಎಂದು ಪ್ರತಿವರ್ಷ ಮೊದಲನೆಯ ಪಾಠದಲ್ಲಿ ಹೇಳುತ್ತಿದ್ದೆ. ಅವತ್ತು ಚೇತನ್ ಕ್ಲಾಸಿಗೆ ಬಂದಿದ್ದನೋ ಇಲ್ಲವೋ. ಬಂದಿದ್ದಿರಬೇಕು. ನಾನೇ ಬಂದಿರಲಿಲ್ಲವೇನೋ.

ಹತ್ತೂವರೆಗೆ ಎರಡು ನಿಮಿಷವಿರುವಾಗ ವಿಮಲಾ ಕಾರನ್ನು ಗೇಟಿನಿಂದಾಚೆ ತೆಗೆದಳು. ನಾಲ್ಕು ನಿಂಬೆಹಣ್ಣು ಚಕ್ರದಡಿ ಹಿಂಡಿಹೋದವು. ಐದನೆಯದರ ಸರದಿ ಮುಂದಿನ ತಿಂಗಳು ಬಂತು.

ಆ ಒಂದು ತಿಂಗಳು ಮಾತ್ರ ಬಹಳ ಚೆನ್ನಾಗಿತ್ತೆಂದು ಹೇಳಲೇಬೇಕು. ಶನಿವಾರ ನಾಲ್ಕು ಗಂಟೆಗೆ ವಿಮಲಾ ವೀಣೆಯನ್ನು ಹಿಂದೆ ಮಲಗಿಸಿ, ಅದರ ಬುರುಡೆಗೆ ದಿಂಬು ಕೊಟ್ಟು, ಹೊರಟುಬಿಡುತ್ತಿದ್ದಳು. ರಾತ್ರಿ ಊಟದ ಹೊತ್ತಿಗೆ ಬಂದು, ಬಡಿಸುವಾಗಲೂ ಏನೋ ಗುನುಗುತ್ತಿರುತ್ತಿದ್ದಳು. ಹುಳಿಗೆ ಉಪ್ಪು ಮರೆತರೂ ನಾನು ಹೇಳುತ್ತಿರಲಿಲ್ಲ. ಅವಳು ಅಷ್ಟು ಹಗುರಾಗಿರುವುದನ್ನು ನೋಡಿ ಬಹಳ ವರ್ಷವಾಗಿತ್ತು.

ನಾನೂ ಸುಮ್ಮನಿರಲಿಲ್ಲ. ಸೊನ್ನೆ ಬಡ್ಡಿಯ ಸಿದ್ಧಾಂತವನ್ನು ಸ್ಟಾಫ್ ರೂಮಿನಲ್ಲಿ ಪ್ರತಿಪಾದಿಸಿದೆ. ಎದುರುಮನೆಯ ಶಾಮಣ್ಣನಿಗೆ ಕಾಂಪೌಂಡಿನಾಚೆಯಿಂದ ಬೋಧಿಸಿದೆ. ಶಾಮಣ್ಣ ಚಾಮರಾಜಪೇಟೆಯಲ್ಲಿ ಮದುವೆ ಕಾಗದ ಅಚ್ಚು ಮಾಡುವ ಸಣ್ಣ ಪ್ರೆಸ್ಸು ಇಟ್ಟುಕೊಂಡಿದ್ದವರು. ಅವರಿಗೂ ಕಾರು ಕೊಳ್ಳುವ ಮನಸ್ಸಿತ್ತು. ನೀವು ಹೇಳಿದ ಮೇಲೆ ಕೇಳೋದೇನಿದೆ ಮೇಷ್ಟ್ರೇ ಎಂದರು.

ಮೊದಲನೆಯ ಕಂತಿನ ದಿನ ನನ್ನ ಖಾತೆಯಲ್ಲಿ ಐದು ಸಾವಿರದ ಆರುನೂರು ರೂಪಾಯಿ ಇಟ್ಟಿದ್ದೆ. ನಲವತ್ತೈದು ರೂಪಾಯಿ ಹೆಚ್ಚೇ ಇರಲಿ ಎಂಬ ಮುನ್ನೆಚ್ಚರಿಕೆ. ಎರಡು ದಿನ ಬಿಟ್ಟು ಬ್ಯಾಂಕಿನಿಂದ ಕಾಗದ ಬಂತು. ನನ್ನ ಚೆಕ್ಕು ಹಣ ಸಾಲದೆ ವಾಪಸಾಗಿತ್ತು. ಅದಕ್ಕೆ ಬ್ಯಾಂಕಿನವರ ದಂಡ ಬೇರೆ, ಸಾಲ ಕೊಟ್ಟವರ ದಂಡ ಬೇರೆ. ಚೆಕ್ಕು ಯಾವ ಯಾವ ಕಾರಣಕ್ಕೆ ತಿರಸ್ಕೃತವಾಗಬಹುದು ಎಂಬುದರ ಮೇಲೆ ಪ್ರತಿ ಪರೀಕ್ಷೆಯಲ್ಲೂ ಹತ್ತು ಅಂಕದ ಪ್ರಶ್ನೆ ಕೊಡುತ್ತಿದ್ದವನು ನಾನು. ಪ್ರಾಯೋಗಿಕ ಪರೀಕ್ಷೆ ಇದೇ ಮೊದಲು.

ಚೆಕ್ಕಿನಲ್ಲಿ ತುಂಬಿದ್ದ ಮೊತ್ತ ಆರು ಸಾವಿರದ ಏಳುನೂರ ಇಪ್ಪತ್ತೆರಡು.

ಆ ಕಾಗದ ಹಿಡಿದು ಜಗುಲಿಯಲ್ಲಿ ಕೂತಿದ್ದಾಗಲೇ ಶಾಮಣ್ಣ ಗೇಟು ತೆಗೆದು ಬಂದರು. ಕೈಯಲ್ಲಿ ಮೈಸೂರುಪಾಕಿನ ಡಬ್ಬಿ. “ತಗೊಳ್ಳಿ ಮೇಷ್ಟ್ರೇ, ಬಾಯಿ ಸಿಹಿ ಮಾಡ್ಕೊಳ್ಳಿ. ನಿಮ್ಮ ಶಿಷ್ಯನ ಹತ್ರಾನೇ ಮುಗಿಸ್ದೆ. ಸೊನ್ನೆ ಬಡ್ಡಿ!”

ಮೈಸೂರುಪಾಕು ಬಾಯಲ್ಲಿತ್ತು. ನುಂಗುವುದೋ ಉಗುಳುವುದೋ ತಿಳಿಯಲಿಲ್ಲ. ಬ್ಯಾಂಕಿನ ಕಾಗದವನ್ನು ಅವರ ಕೈಗೆ ಕೊಟ್ಟೆ. ಅವರು ಓದಿ, ಡಬ್ಬಿಯ ಮುಚ್ಚಳ ಹಾಕಿ, ಮನೆಗೆ ಹೋಗಿ ಪ್ರೆಸ್ಸಿನ ಭೂತಗನ್ನಡಿ ತಂದರು. ಚೇತನ್ ಆಮೇಲೆ ಟೈಪ್ ಮಾಡಿಸಿ ಕಳಿಸಿದ್ದ, ನಾನು ಬಿಚ್ಚಿಯೂ ನೋಡದ ನಕಲು ಪ್ರತಿಯನ್ನು ಮೂರು ಜನ ಊಟದ ಮೇಜಿನ ಮೇಲೆ ಹರಡಿಕೊಂಡು ಕೂತೆವು. ಶಾಮಣ್ಣ ಭೂತಗನ್ನಡಿ ಹಿಡಿದರು, ನಾನು ಓದಿದೆ, ವಿಮಲಾ ಕೇಳಿಸಿಕೊಂಡಳು.

ಸೊನ್ನೆ ಬಡ್ಡಿ ಮೊದಲನೆಯ ವರ್ಷಕ್ಕೆ ಮಾತ್ರ. ಮುಂದಿನ ಎರಡು ವರ್ಷಕ್ಕೆ ನೂರಕ್ಕೆ ಹತ್ತೂವರೆ. ರಾಹುಕಾಲವೂ ಹತ್ತೂವರೆ, ಬಡ್ಡಿಯೂ ಹತ್ತೂವರೆ. ಒಂದರಿಂದ ತಪ್ಪಿಸಿಕೊಂಡು ಇನ್ನೊಂದರ ಬಾಯಿಗೆ ಬಿದ್ದಿದ್ದೆ. ಅದೂ ಉಳಿದ ಸಾಲದ ಮೇಲಲ್ಲ, ಮೊದಲು ತೆಗೆದುಕೊಂಡ ಇಡೀ ಎರಡು ಲಕ್ಷದ ಮೇಲೆ. ಪಕ್ಕದ ಮನೆಯಿಂದ ಒಂದು ಮೂಟೆ ಅಕ್ಕಿ ಸಾಲ ತಂದು, ಮುಕ್ಕಾಲು ಮೂಟೆ ವಾಪಸು ಕೊಟ್ಟ ಮೇಲೂ ಪೂರ್ತಿ ಮೂಟೆಯ ಲೆಕ್ಕದಲ್ಲೇ ಬಡ್ಡಿ ಅಳೆದು ಕೊಡುತ್ತಿದ್ದ ಹಾಗೆ. ಒಟ್ಟು ಬಡ್ಡಿ ನಲವತ್ತೆರಡು ಸಾವಿರ. ಅದನ್ನು ಮೂರು ವರ್ಷಕ್ಕೂ ಹಂಚಿ ಮೊದಲ ಕಂತಿನಿಂದಲೇ ಸೇರಿಸಿದ್ದರು. ಒಂದು ವರ್ಷ ತುಂಬುವ ಮೊದಲು ಸಾಲ ತೀರಿಸುವಂತಿಲ್ಲ. ತುಂಬಿದ ಮೇಲೆ ತೀರಿಸಿದರೆ ಅದಕ್ಕೂ ಒಂದು ಶುಲ್ಕ. ಸಾಲ ಕೊಡುವುದಕ್ಕೂ ಶುಲ್ಕ, ವಾಪಸು ತೆಗೆದುಕೊಳ್ಳುವುದಕ್ಕೂ ಶುಲ್ಕ!

“ನಾನು ಲಗ್ನಪತ್ರಿಕೇಲಿ ಇಷ್ಟು ಸಣ್ಣ ಅಕ್ಷರ ಹಾಕಿದ್ರೆ ಗಿರಾಕಿ ಮುಖದ ಮೇಲೆ ಎಸೀತಾನೆ” ಎಂದರು ಶಾಮಣ್ಣ. ಆಮೇಲೆ ಭೂತಗನ್ನಡಿ ಕೆಳಗಿಟ್ಟು, ಬೇಸರದಿಂದಲ್ಲ, ನಿಜವಾಗಿ ತಿಳಿದುಕೊಳ್ಳುವವರಂತೆ ಕೇಳಿದರು. “ಮೇಷ್ಟ್ರೇ, ನೀವು ಓದಿರ್ತೀರಿ ಅಂತ ನಾನು ಓದ್ಲಿಲ್ಲ. ನೀವ್ಯಾಕೆ ಓದ್ಲಿಲ್ಲ?”

“ಅವನು ನನ್ನ ಶಿಷ್ಯ ಅಂತ.”

ಅವರನ್ನೂ ಶುಕ್ರವಾರ ಒಂಬತ್ತೂವರೆಗೇ ಕರೆದಿದ್ದನಂತೆ. ಅವತ್ತೂ ಮಿನರ್ವ ಸರ್ಕಲ್ಲಿನಲ್ಲಿ ಬಹಳ ಟ್ರಾಫಿಕ್ ಇತ್ತಂತೆ.

ಮಾರನೆಯ ದಿನ ನಾನೂ ವಿಮಲಾಳೂ ಶೋರೂಮಿಗೆ ಹೋದೆವು. ದಾರಿಯಲ್ಲಿ ಕಠಿಣವಾದ ಮಾತುಗಳನ್ನು ಜೋಡಿಸಿಕೊಂಡು ಹೋಗಿದ್ದೆ. ಒಳಗೆ ಕಾಲಿಟ್ಟ ಕೂಡಲೇ ಚೇತನ್ ಓಡಿಬಂದು ಮತ್ತೆ ಕಾಲಿಗೆ ಬಿದ್ದ. ಜೋಡಿಸಿದ್ದೆಲ್ಲ ಚೆಲ್ಲಿಹೋಯಿತು. ಕಾಲಿಗೆ ಬಿದ್ದವನನ್ನು ಬೈಯುವ ವಿದ್ಯೆಯನ್ನು ನಮ್ಮ ಕಡೆ ಯಾರೂ ಕಲಿಸುವುದಿಲ್ಲ. ಕೈ ಅಭ್ಯಾಸಬಲದಿಂದ ಅವನ ತಲೆಯ ಕಡೆಗೆ ಹೋಯಿತು. ವಿಮಲಾ ನನ್ನ ತೋಳು ಹಿಡಿದು ವಾಪಸು ಎಳೆದಳು.

ಅವನೇನೂ ಗಾಬರಿಯಾಗಲಿಲ್ಲ. ಒಂದು ಹಾಳೆ ತೆಗೆದುಕೊಂಡು, ಗೆರೆ ಎಳೆದು, ಅಸಲು ಎಷ್ಟು ಬಡ್ಡಿ ಎಷ್ಟು ಎಂದು ನನಗೇ ಪಾಠ ಮಾಡಿದ. ಇದಕ್ಕೆ ಫ್ಲಾಟ್ ರೇಟು ಅಂತಾರೆ ಸಾರ್, ಎರಡನೇ ವರ್ಷ ನೀವೇ ಮಾಡಿದ್ರಲ್ಲ ಎಂದ. ಚೆನ್ನಾಗಿ ಹೇಳುತ್ತಿದ್ದ. ನನಗಿಂತ ಸ್ಪಷ್ಟವಾಗಿ. ನಾನು ಒಂದೆರಡು ಕಡೆ ತಲೆಯಾಡಿಸಿದೆ ಎಂದು ಆಮೇಲೆ ವಿಮಲಾ ಹೇಳಿದಳು.

“ಇದನ್ನೆಲ್ಲ ಅವತ್ತೇ ಯಾಕೆ ಹೇಳ್ಲಿಲ್ಲಪ್ಪ?” ಎಂದಳು ಅವಳು.

“ಫಾರಂನಲ್ಲಿ ಇರುತ್ತಲ್ಲ ಮೇಡಂ.”

“ನೀನು ಅದನ್ನ ಪೂರ್ತಿ ಓದಿದೀಯಾ?”

ಚೇತನ್ ಪ್ರಾಮಾಣಿಕವಾಗಿ ಯೋಚಿಸಿದ. “ಅದು ಫೈನಾನ್ಸ್ ಕಂಪನಿಯೋರ್ದು ಮೇಡಂ. ನಾವ್ಯಾರೂ ಪೂರ್ತಿ ಓದಿಲ್ಲ.”

ಹೀಗೆ, ಸಾಲ ಕೊಟ್ಟವನೂ ಓದದ, ತೆಗೆದುಕೊಂಡವನೂ ಓದದ, ಅವನನ್ನು ನೋಡಿ ತೆಗೆದುಕೊಂಡವನೂ ಓದದ ಒಂದು ಕಾಗದಕ್ಕೆ ನಾವೆಲ್ಲ ಸೇರಿ ವಿಧೇಯರಾಗಿದ್ದೆವು.

ವಾಪಸು ಬರುವಾಗ ವಿಮಲಾ ಕಾರು ಓಡಿಸುತ್ತಿದ್ದಳು. ನನ್ನ ಸಂಬಳ ಆಗಲೇ ಕೊನೆಯ ರೂಪಾಯಿಯವರೆಗೆ ಹಂಚಿಹೋಗಿತ್ತು. ಮೇಲಿನ ಸಾವಿರದ ಚಿಲ್ಲರೆಯನ್ನು ಪ್ರತಿ ತಿಂಗಳು ಎಲ್ಲಿಂದ ತರುವುದು? ಠೇವಣಿ ಈಗ ಮುರಿದರೆ ಬಡ್ಡಿ ಹೋಗುತ್ತದೆ, ಸಾಲ ತೀರಿಸೋಣವೆಂದರೆ ವರ್ಷದವರೆಗೆ ಬಿಡುವುದಿಲ್ಲ. ಇದನ್ನೆಲ್ಲ ನಾನು ಹೇಳಬೇಕಾಗಿ ಬರಲಿಲ್ಲ. ಸೌತ್ ಎಂಡ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಅವಳೇ ಹೇಳಿದಳು. “ಹೊಸದಾಗಿ ಸೇರೋಕೆ ಆರು ಮಕ್ಕಳು ಕೇಳ್ತಿದಾರೆ. ತಲೆಗೆ ಇನ್ನೂರು. ಶನಿವಾರ ಸಂಜೆ ಒಂದೇ ಖಾಲಿ ಇರೋದು.”

“ಶನಿವಾರ ಬೇಡ ವಿಮಲಾ. ನಾನು ಟ್ಯೂಷನ್ ಏನಾದ್ರೂ…”

“ಏನು ಹೇಳ್ಕೊಡ್ತೀರಿ? ಬಡ್ಡಿ ಲೆಕ್ಕಾನಾ?”

ಸಿಗ್ನಲ್ ಹಸಿರಾಯಿತು.

ಆ ವರ್ಷದ ಶನಿವಾರಗಳನ್ನು ವರ್ಣಿಸುವ ಶಕ್ತಿ ನನಗಿಲ್ಲ. ಆರು ಮಕ್ಕಳು, ಎರಡು ವೀಣೆ, ಒಂದೇ ಸರಳೆ ವರಸೆ. ಸರಿಗಮ ಎಂದು ಏರುವುದು, ಮಧ್ಯಮದ ಹತ್ತಿರ ಎಲ್ಲರೂ ಮುಗ್ಗರಿಸುವುದು, ಮತ್ತೆ ಮೊದಲಿನಿಂದ. ನಾನು ಸಹಾಯಕ್ಕೆಂದು ತಾಳ ಹಾಕಲು ಕೂತೆ. ಮೂರನೆಯ ವಾರ ವಿಮಲಾ ನನ್ನನ್ನು ಸೌಜನ್ಯದಿಂದ ಬಿಡುಗಡೆ ಮಾಡಿದಳು. ಮೇಷ್ಟ್ರು ಎಂಟಕ್ಕೆ ಒಂಬತ್ತು ಎಣಿಸುತ್ತಾರೆಂದು ಒಂದು ಮಗು ದೂರು ಕೊಟ್ಟಿತ್ತಂತೆ. ಹೊರಗೆ ಜಗುಲಿಯಲ್ಲಿ ಕೂತರೆ ಎದುರಿಗೆ ಕಾರು. ಬಿಳಿಯ ಕಾರು, ಹೊದಿಕೆ ಹೊದ್ದುಕೊಂಡು, ಹಿಂದಿನ ಸೀಟು ಖಾಲಿ. ಭಾನುವಾರ ಬ್ಯಾಟರಿ ಇಳಿಯದಿರಲೆಂದು ವಿಮಲಾ ಅದನ್ನು ಬ್ಯೂಗಲ್ ರಾಕ್‌ವರೆಗೆ ಕರೆದುಕೊಂಡು ಹೋಗಿ ಬರುತ್ತಿದ್ದಳು, ನಾಯಿಯನ್ನು ವಾಕಿಂಗಿಗೆ ಕರೆದುಕೊಂಡು ಹೋದ ಹಾಗೆ. ಮೊದಮೊದಲು ಶನಿವಾರ ಬೆಳಿಗ್ಗೆ ಕಮಲಾ ಫೋನು ಬರುತ್ತಿತ್ತು, ಬರ್ತೀಯೇನೇ ಎಂದು. ಆಮೇಲೆ ತಿಂಗಳಿಗೊಮ್ಮೆಯಾಯಿತು. ಅವರು ಮೂವರೇ ನುಡಿಸುತ್ತಿದ್ದರು.

ಶಾಮಣ್ಣ ನನ್ನ ಮೇಲೆ ಸಿಟ್ಟಾಗಲಿಲ್ಲ. ಅದು ಇನ್ನೂ ಕಷ್ಟ. ಪ್ರತಿ ತಿಂಗಳು ಕಂತಿನ ದಿನ ಕಾಂಪೌಂಡಿನಾಚೆಯಿಂದ “ಹೋಯ್ತಾ ಮೇಷ್ಟ್ರೇ?” ಎಂದು ಕೇಳುತ್ತಿದ್ದರು. “ಹೋಯ್ತು” ಎನ್ನುತ್ತಿದ್ದೆ. ಸಂತಾಪಸೂಚನೆಯ ಸಭೆ ಅಲ್ಲಿಗೆ ಮುಗಿಯುತ್ತಿತ್ತು.

ಕೊನೆಗೆ ವರ್ಷ ತುಂಬಿತು. ವಿಮಲಾ ಠೇವಣಿ ಮುರಿಸಿದಳು. ಶುಲ್ಕ ಕೊಟ್ಟರೂ ಸರಿ, ಹೋದ ಬಡ್ಡಿ ಹೋಗಲಿ, ಈ ತಿಂಗಳೇ ಸಾಲ ತೀರಿಸಿಬಿಡುವುದೆಂದು ನಿರ್ಧರಿಸಿ, ಮಕ್ಕಳ ತಾಯಂದಿರಿಗೆ ಮುಂದಿನ ವಾರದಿಂದ ಶನಿವಾರ ಪಾಠವಿಲ್ಲವೆಂದು ಹೇಳಿಯೂಬಿಟ್ಟಳು. ಕಮಲಾಗೆ ಫೋನು ಮಾಡಿ ಬರುತ್ತೇನೆಂದಳು. ಹಳೆಯ ವೀಣೆಗೆ ಹೊಸ ತಂತಿ ಹಾಕಿಸಿದಳು. ಸಾಲ ನನ್ನ ಹೆಸರಿನಲ್ಲಿದ್ದುದರಿಂದ ಸಹಿ ನನ್ನದೇ ಬೇಕಿತ್ತು. ಬೇಡವಾಗಿದ್ದರೆ ಅವಳು ನನ್ನನ್ನು ಕರೆದುಕೊಂಡೇ ಹೋಗುತ್ತಿರಲಿಲ್ಲ.

ಫೈನಾನ್ಸ್ ಕಂಪನಿಯ ಕಚೇರಿ ಮಲ್ಲೇಶ್ವರದಲ್ಲಿ ಒಂದು ಔಷಧಿ ಅಂಗಡಿಯ ಮಹಡಿಯಲ್ಲಿತ್ತು. ಕೌಂಟರಿನಲ್ಲಿದ್ದವರು ಅಂತಿಮ ಲೆಕ್ಕದ ಫಾರಂ ಕೊಟ್ಟರು, ಮದರಾಸಿನ ಮುಖ್ಯ ಕಚೇರಿಯಲ್ಲಿ ಟೈಪಾಗಿ, ಮೊಹರು ಬಿದ್ದು ಬಂದದ್ದು. ವಿಮಲಾ ಮೊದಲು ನನ್ನ ಜೇಬಿನಿಂದ ಪೆನ್ನು ತೆಗೆದುಕೊಂಡು ತನ್ನ ಕೈಯಲ್ಲಿಟ್ಟುಕೊಂಡಳು.

“ನಾನು ಹೇಳೋವರೆಗೂ ಸುಮ್ನೆ ಕೂತಿರಿ.”

ಕೂತೆ. ಅವಳು ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ಓದಿದಳು. ತಿಳಿಯದ್ದನ್ನು ಕೇಳಿದಳು. ಉತ್ತರ ಸರಿಹೋಗದಿದ್ದರೆ ಮತ್ತೆ ಕೇಳಿದಳು. ಕೌಂಟರಿನವರು ಎರಡು ಸಲ ನೀರು ಕುಡಿದರು, ಒಂದು ಸಲ ಒಳಗೆ ಹೋಗಿ ಇನ್ನೊಬ್ಬರನ್ನು ಕರೆದುಕೊಂಡು ಬಂದರು. ಒಂದು ಕಡೆ ಎರಡು ಸಲ ಕೂಡಿದ್ದ ದಂಡವನ್ನು ತೆಗೆಸಿದಳು. ನಮ್ಮ ಹಿಂದೆ ನಿಂತಿದ್ದ ಗಿರಾಕಿಗಳಿಬ್ಬರು ತಮ್ಮ ಕಾಗದಗಳನ್ನು ತೆಗೆದು ಓದಲು ಶುರು ಮಾಡಿದರು. ನನಗೆ ಹೆಮ್ಮೆಯಾಯಿತು. ಹೆಂಡತಿ ನನ್ನವಳು ಎಂಬ ಹೆಮ್ಮೆ.

ಓದಿ ಮುಗಿಸಿ, ಪೆನ್ನು ನನ್ನ ಕೈಗೆ ಕೊಟ್ಟು, “ಇಲ್ಲಿ” ಎಂದು ತೋರಿಸಿ, ಹಣದ ಡ್ರಾಫ್ಟು ತೆಗೆಯಲು ಅವಳು ಚೀಲಕ್ಕೆ ಕೈಹಾಕಿದಳು. ಕಣ್ಣು ಅತ್ತ ತಿರುಗಿದ್ದು ಒಂದು ಕ್ಷಣ.

ಸಹಿ ಮಾಡಿದೆ. ದೊಡ್ಡದಾಗಿ, ಒಂದು ವರ್ಷದ ಭಾರವನ್ನೆಲ್ಲ ಇಳಿಸಿದವನಂತೆ, ಕೆಳಗೆ ಗೆರೆಯನ್ನೂ ಎಳೆದು.

ಕೌಂಟರಿನವರು ಫಾರಂ ತಿರುಗಿಸಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. “ಇದು ನಮ್ಮ ಮ್ಯಾನೇಜರ್ ಸೈನ್ ಮಾಡೋ ಜಾಗ ಸಾರ್.”

ಅಳಿಸುವಂತಿಲ್ಲ, ಬಿಳಿ ಬಳಿಯುವಂತಿಲ್ಲ. ಹೊಸ ಫಾರಂ ಮದರಾಸಿನಿಂದಲೇ ಬರಬೇಕು, ಹದಿನೈದು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಈ ತಿಂಗಳ ಚೆಕ್ಕು ಹೋಗುತ್ತದೆ, ಲೆಕ್ಕ ಬದಲಾಗುತ್ತದೆ. ಅವರು ಇದನ್ನೆಲ್ಲ ಬಹಳ ಮರ್ಯಾದೆಯಿಂದ, ವಿಮಲಾಳ ಕಡೆಗೇ ನೋಡುತ್ತಾ ಹೇಳಿದರು. ಅವಳು ಡ್ರಾಫ್ಟನ್ನು ಮಡಿಸಿ ಚೀಲಕ್ಕೆ ವಾಪಸು ಹಾಕಿಕೊಂಡಳು. ನನ್ನ ಕೈಯಿಂದ ಪೆನ್ನನ್ನು ತೆಗೆದುಕೊಂಡಳು.

ಮನೆಗೆ ಬಂದ ಮೇಲೆ ಮೊದಲು ಮಕ್ಕಳ ತಾಯಂದಿರಿಗೆ ಒಬ್ಬೊಬ್ಬರಿಗೇ ಫೋನು ಮಾಡಿ, ಇನ್ನೊಂದು ತಿಂಗಳು ಕಳಿಸಿ ಎಂದಳು. ಕೊನೆಯಲ್ಲಿ ಕಮಲಾಗೆ. ನಾನು ನಡುಮನೆಯ ಬಾಗಿಲಲ್ಲಿ ನಿಂತಿದ್ದೆ, ಕಾಫಿ ಮಾಡಿಕೊಡಲೇ ಎಂದು ಕೇಳುವುದಕ್ಕೆ.

“ಈ ಶನಿವಾರ ಆಗಲ್ಲ ಕಣೇ, ಮುಂದಿನ ತಿಂಗಳು ನೋಡೋಣ” ಎನ್ನುತ್ತಿದ್ದಳು ವಿಮಲಾ. ಆ ಕಡೆಯಿಂದ ಕಮಲಾ ಏನೋ ಕೇಳಿದಳು. “ಇಲ್ವೇ, ಕಾರ್ ಚೆನ್ನಾಗೇ ಇದೆ. ಒಂದ್ ದಿನ ತೊಂದ್ರೆ ಕೊಟ್ಟಿಲ್ಲ ಪಾಪ.”

ಸ್ವಲ್ಪ ಹೊತ್ತು ಕೇಳಿಸಿಕೊಂಡು, ತಿರುಗಿ ನನ್ನನ್ನು ಒಮ್ಮೆ ನೋಡಿದಳು. ಸಿಟ್ಟಿರಲಿಲ್ಲ. ಸುಸ್ತಿತ್ತು.

“ಅದಲ್ಲ ಕಣೇ, ಇನ್ನೊಂದಿದೆಯಲ್ಲ. ಇಪ್ಪತ್ತು ವರ್ಷದ್ದು, ನಮ್ಮಪ್ಪ ನೋಡಿ ತಂದಿದ್ದು. ಅದರದ್ದೇ ರಿಪೇರಿ.”